ಟಿಕೆಟಕ್ಕ ನೀರಿಗಿಳಿದದ್ದು

ಈಜುಕೊಳದ ಹೆಬ್ಬಾಗಿಲ ಪಕ್ಕದಲ್ಲಿ ಒಂದು ಗಾಜಿನ ಕಿಂಡಿ. ಕಿಂಡಿಯ ಹಿಂದೆ ಎತ್ತರದ ಕುರ್ಚಿ, ಕುರ್ಚಿಯ ಮೇಲೆ ಚಪ್ಪಟೆಯಾದ ಮೆತ್ತೆ, ಮೆತ್ತೆಯ ಮೇಲೆ ಟಿಕೆಟಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಸಂಬಳದ ಚೀಟಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ಮನೆಯಲ್ಲಿ ಅತ್ತೆ ಕೂಡ ಕೋಪ ಬಂದಾಗ "ಏನಮ್ಮಾ" ಎಂದೂ, ಪ್ರೀತಿ ಬಂದಾಗ "ಟಿಕೆಟಕ್ಕ" ಎಂದೂ ಕರೆಯುತ್ತಿದ್ದಳು.

ಆ ಕಿಂಡಿಯಲ್ಲಿ ಅವಳು ಕೂತು ಇಪ್ಪತ್ತು ವರ್ಷದ ಮೇಲಾಗಿತ್ತು. ಮೂಗು ಸುರಿಸಿಕೊಂಡು ಟಿಕೆಟ್ ಕೇಳುತ್ತಿದ್ದ ಮಕ್ಕಳು ಬೆಳೆದು, ಈಗ ತಮ್ಮ ಮಕ್ಕಳ ಮೂಗು ಒರೆಸುತ್ತ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಇಷ್ಟಾದರೂ ಅವಳ ಕಾಲಿನ ಕಿರುಬೆರಳು ಕೂಡ ಒಂದು ದಿನವೂ ಆ ನೀರನ್ನು ಮುಟ್ಟಿರಲಿಲ್ಲ. ಏನಾದರೂ ಕೆಲಸಕ್ಕೆ ಕೊಳದ ಅಂಚಿನಲ್ಲಿ ಹಾದುಹೋಗಬೇಕಾಗಿ ಬಂದರೆ ಬೆನ್ನನ್ನು ಗೋಡೆಗೆ ಒತ್ತಿಕೊಂಡು ಹಲ್ಲಿಯ ಹಾಗೆ ಸರಿಯುತ್ತಿದ್ದಳು. ಆ ಗೋಡೆಯಲ್ಲಿ ಅವಳ ಭುಜದ ಎತ್ತರಕ್ಕೆ ಸರಿಯಾಗಿ ಬಣ್ಣ ಸವೆದು ಒಂದು ಪಟ್ಟಿಯೇ ಮೂಡಿತ್ತು.

ಈಜು ಬಾರದಿದ್ದರೂ ಈಜಿನ ವಿಷಯದಲ್ಲಿ ಅವಳ ಮಾತೇ ಕೊನೆಯ ಮಾತು. ಹೊಸದಾಗಿ ಮಗುವನ್ನು ಸೇರಿಸಲು ಬಂದ ತಾಯಂದಿರು ಟಿಕೆಟ್ ತೆಗೆದುಕೊಂಡ ಮೇಲೂ ಕಿಂಡಿಯ ಮುಂದೆ ನಿಂತೇ ಇರುತ್ತಿದ್ದರು. ಟಿಕೆಟಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಗುವನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಮೀನು" ಎನ್ನುತ್ತಿದ್ದಳು. ಇಲ್ಲವೇ ತುಟಿ ಒತ್ತಿ, "ಕಲ್ಲು" ಎನ್ನುತ್ತಿದ್ದಳು. ಎರಡೇ ಜಾತಿ, ಮಧ್ಯದ್ದು ಯಾವುದೂ ಇಲ್ಲ. ಮೀನಿನ ತಾಯಿ ಬೀಗುತ್ತ ಹೋಗುತ್ತಿದ್ದಳು. ಕಲ್ಲಿನ ತಾಯಿ, "ಅವರಪ್ಪನ ಕಡೆಯವರೆಲ್ಲ ಹಾಗೇ" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಈ ತೀರ್ಪುಗಳು ಎಷ್ಟರ ಮಟ್ಟಿಗೆ ನಿಜವಾದವೆಂದು ಯಾರೂ ಪರೀಕ್ಷಿಸಿರಲಿಲ್ಲ. ಟಿಕೆಟಕ್ಕನಂತೂ ಪರೀಕ್ಷಿಸುವ ಹಾಗೇ ಇರಲಿಲ್ಲ. ಅವಳ ಕಿಂಡಿಯಿಂದ ಕಾಣುತ್ತಿದ್ದುದು ಬೀದಿ ಮತ್ತು ಚಪ್ಪಲಿ ಬಿಡುವ ಕಪಾಟು. ಕೊಳ ಬೆನ್ನ ಹಿಂದಿತ್ತು.

ಈ ವಿಂಗಡಣೆಯನ್ನು ಅವಳು ತಾನಾಗಿ ಕಂಡುಹಿಡಿದದ್ದಲ್ಲ, ಅವಳ ಅಕ್ಕನಿಂದ ಬಂದ ಬಳುವಳಿ. ಸಣ್ಣವಳಿದ್ದಾಗ ಟಿಕೆಟಕ್ಕ ಚಿಕ್ಕಪ್ಪನ ಊರಿನ ಕೆರೆಯಲ್ಲಿ ಕಾಲು ಜಾರಿ ಬಿದ್ದಿದ್ದಳು. ಅಕ್ಕ ಜಡೆ ಹಿಡಿದು ಎಳೆದು ದಡಕ್ಕೆ ಹಾಕಿ, ಸುತ್ತ ನೆರೆದ ನೆಂಟರಿಗೆಲ್ಲ ಕೇಳುವ ಹಾಗೆ, "ಇವಳು ಕಲ್ಲು. ಹುಟ್ಟಿದ್ದೇ ಕಲ್ಲಾಗಿ" ಎಂದು ಸಾರಿದಳು. ಅಕ್ಕನ ಮಾತೆಂದರೆ ಆ ಮನೆಯಲ್ಲಿ ಮೊಳೆ ಹೊಡೆದ ಹಾಗೆ. ಮನೆಯ ಮಕ್ಕಳಿಗೆಲ್ಲ ಅಕ್ಕನೇ ಒಂದೊಂದು ಗುಣ ಹಂಚಿಕೊಟ್ಟಿದ್ದಳು: ಅಣ್ಣನಿಗೆ ಕೈ ಚೆನ್ನಾಗಿದೆ, ತನಗೆ ತಲೆ ಚೆನ್ನಾಗಿದೆ, ತಂಗಿಗೆ ಬಾಯಿ ಚೆನ್ನಾಗಿದೆ. ತಂಗಿ ಆ ಬಾಯನ್ನೇ ನಂಬಿಕೊಂಡು ಬೆಳೆದಳು. ಮೊದಲ ಸಲಕ್ಕೆ ಕೈಗೆ ಹತ್ತದ ಯಾವ ಕೆಲಸವನ್ನೂ ಎರಡನೇ ಸಲ ಮುಟ್ಟಲಿಲ್ಲ. ಸೈಕಲ್ಲು, ಹಾಡು, ಹೊಲಿಗೆ ಯಂತ್ರ, ಫೋನಿನಲ್ಲಿ ದಾರಿ ಹುಡುಕುವುದು, ಎಲ್ಲಕ್ಕೂ ಒಂದೇ ಉತ್ತರ: "ನನಗೆ ಬರಲ್ಲ." ಆ ಮಾತಿನಲ್ಲಿ ಒಂದು ಸುಖವಿತ್ತು. ಬರಲ್ಲ ಎಂದ ಮೇಲೆ ಯಾರೂ ಕರೆಯುವುದಿಲ್ಲ, ಯಾರೂ ನಗುವುದೂ ಇಲ್ಲ.

ಹೀಗಿರುವಾಗ ಕೊಳಕ್ಕೆ ಹೊಸ ಮ್ಯಾನೇಜರ್ ಬಂದ. ಉದ್ಯಾನಗಳ ಇಲಾಖೆಯಿಂದ ಬಂದವನು. ಬೂಟಿನ ದಾರಕ್ಕೆ ಎರಡೆರಡು ಗಂಟು ಹಾಕುವ, ಪೆನ್ನುಗಳನ್ನು ಎತ್ತರದ ಪ್ರಕಾರ ಜೋಡಿಸಿಡುವ ಮನುಷ್ಯ. ಬಂದ ವಾರವೇ ಎಲ್ಲರನ್ನೂ ತನ್ನ ಕೋಣೆಗೆ ಕರೆದ. ಕಸ ಗುಡಿಸುವವನು, ಪಂಪಿನವನು, ಕಾವಲುಗಾರ, ಈಜು ಕಲಿಸುವ ಟೀಚರ್, ಟಿಕೆಟಕ್ಕ, ಎಲ್ಲರೂ ಗೋಡೆಗೆ ಒರಗಿ ನಿಂತರು.

"ಮೇಲಿಂದ ಆದೇಶ ಬಂದಿದೆ," ಎಂದ. "ಕೊಳದ ಕಟ್ಟಡದಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರೂ ಈ ಗೋಡೆಯಿಂದ ಆ ಗೋಡೆವರೆಗೆ ಈಜಿ ತೋರಿಸ್ಬೇಕು. ಬೇಸಿಗೆ ಮುಗಿಯೋದರೊಳಗೆ."

ಎಲ್ಲರೂ ಟಿಕೆಟಕ್ಕನ ಕಡೆ ನೋಡಿದರು.

"ನಾನು ಟಿಕೆಟ್ ಕೊಡೋಳು ಸರ್," ಎಂದಳು ಅವಳು. "ಇಷ್ಟು ವರ್ಷದಲ್ಲಿ ಒಂದು ಟಿಕೆಟ್ಟೂ ಮುಳುಗಿಲ್ಲ."

"ಯಾರಾದ್ರೂ ಮುಳುಗ್ತಿದ್ರೆ ನೀವು ಹಾರಬೇಕಾಗಬಹುದು."

"ನಾನು ಹಾರಿದ್ರೆ ಇಬ್ಬರನ್ನ ಎತ್ತಬೇಕಾಗುತ್ತೆ ಸರ್. ಕೆಲಸ ಜಾಸ್ತಿ."

ಮ್ಯಾನೇಜರ್ ನಗಲಿಲ್ಲ. ನಗುವ ಅಭ್ಯಾಸ ಅವನಿಗೆ ಇದ್ದಂತಿರಲಿಲ್ಲ. "ಆಗದೇ ಇದ್ರೆ ಬೇರೆ ಕಡೆ ಹಾಕ್ತೀವಿ. ನಗರಸಭೆಯಲ್ಲಿ ಈಗ ಒಂದೇ ಜಾಗ ಖಾಲಿ ಇರೋದು. ಸ್ಮಶಾನದ ಕಚೇರಿ."

ಬಸ್ಸಿನಲ್ಲಿ ಮನೆಗೆ ಹೋಗುವಾಗ ಟಿಕೆಟಕ್ಕ ಸ್ಮಶಾನದ ಬಗ್ಗೆ ಗಂಭೀರವಾಗಿಯೇ ಯೋಚಿಸಿದಳು. ನೆರಳಿನ ಜಾಗ. ರಜೆಯ ದಿನ ನೂಕುನುಗ್ಗಲಿಲ್ಲ. ಒಳಗೆ ಹೋದವರು ಟವೆಲ್ ಮರೆತೆವೆಂದು ವಾಪಸ್ ಬರುವುದಿಲ್ಲ. ಮನೆ ತಲುಪುವಷ್ಟರಲ್ಲಿ ಅವಳಿಗೆ ಅದು ಬಡ್ತಿಯ ಹಾಗೇ ಕಾಣತೊಡಗಿತ್ತು.

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ನೇತಾಡಿ ಬರುವುದರಿಂದ ಮನೆಯಲ್ಲಿ ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, "ಎರಡು ಬಸ್ ಹಿಡೀಬೇಕಾಗುತ್ತೆ," ಎಂದಷ್ಟೇ ಹೇಳಿದ.

ಅತ್ತೆ ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಈ ಮುದುಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಎಪ್ಪತ್ತು ದಾಟಿದ ಮೇಲೆ ಹೆಣಿಗೆ ಶುರು ಮಾಡಿದವಳು. ಮೊದಲ ಸ್ವೆಟರಿನಲ್ಲಿ ತಲೆ ತೂರುವಷ್ಟು ಕುತ್ತಿಗೆ ಇರಲಿಲ್ಲ. ಎರಡನೆಯದರ ಕುತ್ತಿಗೆಯಲ್ಲಿ ಮಗನ ಹೆಗಲೂ ತೂರಿ ಸ್ವೆಟರ್ ಸೊಂಟಕ್ಕೆ ಬಂದು ನಿಂತಿತು. ಮೂರನೆಯದಕ್ಕೆ ಒಂದು ತೋಳು ಮೊಣಕೈಗೆ ಮುಗಿದರೆ ಇನ್ನೊಂದು ಬೆರಳು ದಾಟಿ ಇಳಿಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಸೂಜಿಗಳನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಅವಳು ಪ್ರತಿ ಸಲ ಸ್ವೆಟರನ್ನು ಬೆಳಕಿಗೆ ಹಿಡಿದು, "ಎಲ್ಲಿ ಕೆಟ್ಟಿತು ಅಂತ ಗೊತ್ತಾಯ್ತು," ಎಂದು ಸಂತೋಷದಿಂದಲೇ ಬಿಚ್ಚುತ್ತಿದ್ದಳು. ನಾದಿನಿಯ ಮನೆಯವರು ಚಳಿಗಾಲದಲ್ಲಿ ಇವರ ಮನೆಗೆ ಬರುವುದನ್ನೇ ನಿಲ್ಲಿಸಿದ್ದರು.

"ಯಾಕೆ ಸ್ಮಶಾನ?" ಎಂದಳು ಅತ್ತೆ.

"ಈಜೋಕೆ ನನಗೆ ಬರಲ್ಲ ಅತ್ತೆ."

"ಬರಲ್ಲ, ಬರಲ್ಲ. ಮದುವೆಯಾಗಿ ಬಂದಾಗಿನಿಂದ ಕೇಳ್ತಿದೀನಿ. ಅದೇನು, ಕೂಗಿದ ಕೂಡಲೇ ಬಾಲ ಆಡಿಸ್ಕೊಂಡು ಬರೋಕೆ ನಾಯಿಮರೀನಾ? ನೀನೇ ಹೋಗಿ ಕರ್ಕೊಂಡು ಬರಬೇಕು."

"ಹುಟ್ಟಿನಿಂದ ಬರಬೇಕು ಅತ್ತೆ ಅದೆಲ್ಲ."

"ಹುಟ್ಟಿದಾಗ ನಿನ್ನ ಗಂಡನಿಗೆ ಅಳೋದೊಂದು ಬಿಟ್ಟು ಏನೂ ಬರ್ತಿರಲಿಲ್ಲ. ಈಗ ನೋಡು, ಅದನ್ನೂ ಮರೆತು ಲಿಫ್ಟ್ ಕಲ್ತಿದಾನೆ." ಮುದುಕಿ ಸೂಜಿ ಕೆಳಗಿಟ್ಟಳು. "ಇನ್ನೊಂದು ಮಾತು. ಸ್ಮಶಾನಕ್ಕೆ ಮೊದಲು ಹೋಗಬೇಕಾದೋಳು ನಾನು. ಮನೇಲಿ ಹಿರಿಯರು ಕಿರಿಯರು ಅಂತ ಒಂದು ಕ್ರಮ ಇದೆ."

ಟಿಕೆಟಕ್ಕ ಮಾರನೇ ದಿನ ಹೋಗಿ ಟೀಚರ್ ಹತ್ತಿರ ಹೆಸರು ಬರೆಸಿದಳು.

ಟೀಚರ್ ತೆಳ್ಳಗಿನ ಹೆಂಗಸು. ಕತ್ತಿನಲ್ಲಿ ಸದಾ ಒಂದು ಸೀಟಿ. ಏನೂ ಬಾರದವರಿಗೆ ಇರುವುದು ಒಂದೇ ತರಗತಿ, ಬೆಳಗಿನದು, ಅದರಲ್ಲಿ ಇರುವವರೆಲ್ಲ ಆರೇಳು ವರ್ಷದ ಮಕ್ಕಳು, ಬೇಕಾದರೆ ಬರಬಹುದು ಎಂದಳು. ಟಿಕೆಟಕ್ಕ ಈಜುಡುಪು ಕೊಂಡಳು. ಅಂಗಡಿಯವಳು ತೋರಿಸಿದ್ದರಲ್ಲಿ ಅತಿ ಹೆಚ್ಚು ಬಟ್ಟೆ ಇರುವುದನ್ನೇ ಆರಿಸಿದಳು. ತಲೆಯ ಟೊಪ್ಪಿಗೆ ಕೊಳ್ಳಲು ಅತ್ತೆ ಬಿಡಲಿಲ್ಲ. ತಾನೇ ಎರಡು ದಿನ ಕೂತು ಹಳದಿ ಉಣ್ಣೆಯಲ್ಲಿ ಒಂದನ್ನು ಹೆಣೆದಳು. ಅಳತೆ ಮೊದಲ ಬಾರಿಗೆ ಸರಿಯಾಗಿ ಬಂದಿತ್ತು. ಮನೆಯಲ್ಲಿ ಆ ಸಂಭ್ರಮದಲ್ಲಿ ಉಣ್ಣೆಯ ಬಗ್ಗೆ ಯಾರೂ ಯೋಚಿಸಲಿಲ್ಲ.

ಮೊದಲ ದಿನ ಅವಳು ಕೊಳದ ಮೆಟ್ಟಿಲು ಇಳಿದದ್ದನ್ನು ಇಳಿಯುವುದು ಎನ್ನಲಾಗದು. ಬೆನ್ನು ನೀರಿಗೆ, ಮುಖ ಗೋಡೆಗೆ, ಎರಡೂ ಕೈ ಕಂಬಿಗೆ. ನೀರು ಸೊಂಟಕ್ಕೆ ಬಂದಾಗ ಕಣ್ಣು ಮುಚ್ಚಿದಳು, ಎದೆಗೆ ಬಂದಾಗ ಬಾಯಿ ಮುಚ್ಚಿದಳು. ಇದು ಅಪರೂಪದ ಘಟನೆಯಾದ್ದರಿಂದ ಪಂಪಿನವನು ಕೆಲಸ ಬಿಟ್ಟು ನೋಡಲು ಬಂದಿದ್ದ. ಅಷ್ಟರಲ್ಲಿ ಒಬ್ಬ ತುಂಟ ತನ್ನ ಕಾಲು ಬಡಿದು ಎಬ್ಬಿಸಿದ ನೀರೆಲ್ಲ ಹಳದಿ ಟೊಪ್ಪಿಗೆಗೆ ಹೋಯಿತು. ಟೊಪ್ಪಿಗೆ ನೀರು ಕುಡಿಯಿತು. ಕುಡಿದು ಕುಡಿದು ದಪ್ಪವಾಯಿತು, ಭಾರವಾಯಿತು, ಮೆಲ್ಲಗೆ ಜಾರಿ ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ಕೂತಿತು. ಕಂಬಿಯಿಂದ ಕೈ ಬಿಟ್ಟರೆ ಮಾತ್ರ ಟೊಪ್ಪಿಗೆ ಎತ್ತಲು ಸಾಧ್ಯ. ಕೈ ಬಿಡುವ ಪ್ರಶ್ನೆಯೇ ಇರಲಿಲ್ಲ. ಆ ತರಗತಿ ಮುಗಿಯುವವರೆಗೂ ಟಿಕೆಟಕ್ಕ ಕತ್ತಲಲ್ಲಿ ನಿಂತಿದ್ದಳು.

ಕೊನೆಗೆ ಎಲ್ಲರೂ ಅಂಚಿನಲ್ಲಿ ಸಾಲಾಗಿ ಕೂತರು. ಟೀಚರಿಗೆ ಒಂದು ಅಭ್ಯಾಸವಿತ್ತು. ಇವತ್ತು ಯಾರು ಏನು ತಪ್ಪು ಮಾಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳುವಳು. ಒಬ್ಬ, ಉಸಿರು ಬಿಡಬೇಕಾದಾಗ ಎಳೆದುಕೊಂಡೆ ಎಂದ. ಇನ್ನೊಬ್ಬಳು, ಕಾಲು ಬಡಿಯುತ್ತ ಕೈ ಮರೆತೆ ಎಂದಳು. ಪ್ರತಿ ತಪ್ಪಿಗೂ ಎಲ್ಲರ ಚಪ್ಪಾಳೆ. ಸರದಿ ಟಿಕೆಟಕ್ಕನಿಗೆ ಬಂತು.

"ನಾನೇನೂ ತಪ್ಪು ಮಾಡಿಲ್ಲ," ಎಂದಳು ಅವಳು, ಟೊಪ್ಪಿಗೆ ಹಿಂಡುತ್ತ. ಕಿಂಡಿಯಲ್ಲಿ ಕೂತು ಇಷ್ಟು ವರ್ಷ ಒಂದು ಟಿಕೆಟ್ ಕೂಡ ತಪ್ಪಾಗಿ ಕೊಡದವಳಿಗೆ ಅದು ಹೆಮ್ಮೆಯ ಮಾತೇ.

ಮಕ್ಕಳು ಅವಳನ್ನು ಕನಿಕರದಿಂದ ನೋಡಿದರು. ಮುಂದಿನ ಎರಡು ಹಲ್ಲು ಬಿದ್ದಿದ್ದ ಒಬ್ಬ ಹುಡುಗಿ ಪಕ್ಕಕ್ಕೆ ವಾಲಿ ಧೈರ್ಯ ಹೇಳಿದಳು. "ಪರವಾಗಿಲ್ಲ ಆಂಟಿ. ನಾಳೆ ಮಾಡಬಹುದು."

ಮನೆಗೆ ಬಂದು ಟೊಪ್ಪಿಗೆಯ ಕತೆ ಹೇಳಿದಾಗ ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಉಣ್ಣೆ ನೀರು ಕುಡಿಯುತ್ತೆ. ಈಗ ಗೊತ್ತಾಯ್ತು," ಎಂದಳು. ಆ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಟಿಕೆಟಕ್ಕನಿಗೆ ಅದೇ ಸಿಟ್ಟು ಬರಿಸಿತು. ಒದ್ದೆಯಾದದ್ದು ತಾನು, ಕಲಿತದ್ದು ಅತ್ತೆ.

ಮರುದಿನದಿಂದ ಅವಳಿಗೆ ಒಂದು ಹೊಸ ಚಿಂತೆ ಹತ್ತಿಕೊಂಡಿತು. ತಪ್ಪು ಹೇಳಬೇಕು, ಇಲ್ಲದಿದ್ದರೆ ಆ ಹಲ್ಲಿಲ್ಲದ ಪೋರಿಯ ಸಮಾಧಾನ ಕೇಳಬೇಕು. ತಪ್ಪು ಮಾಡಲು ಕಂಬಿ ಬಿಡಲೇಬೇಕಿತ್ತು. ಬಿಟ್ಟಳು. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಮೂಗಿನೊಳಗೆ ನೀರು ಹೋಯಿತು, ಕಿವಿಯೊಳಗೆ ಹೋಯಿತು, ಎಲ್ಲಿಂದ ಹೋಯಿತೆಂದು ತಿಳಿಯದ ಕಡೆಗಳಿಗೂ ಹೋಯಿತು. ಸಾಲಿನಲ್ಲಿ ಕೂತು, "ನೀರೊಳಗೆ ಬಾಯಿ ತೆಗೆದು ಟೀಚರನ್ನ ಬೈದೆ," ಎಂದಾಗ ಬಿದ್ದ ಚಪ್ಪಾಳೆ ಆ ವಾರದಲ್ಲೇ ಜೋರಾದದ್ದು. ಅವಳಿಗೆ ಒಳಗೊಳಗೇ ಖುಷಿಯಾಯಿತು. ಬಾಯಿ ಚೆನ್ನಾಗಿದೆ ಎಂದು ಅಕ್ಕ ಸುಮ್ಮನೆ ಹೇಳಿರಲಿಲ್ಲ.

ಹಲ್ಲಿಲ್ಲದ ಹುಡುಗಿ ಅವಳ ಪಾಲಿನ ಜೊತೆಗಾತಿಯಾದಳು. ಒಂದು ದಿನ ಕಾಲು ಬಡಿಯುತ್ತ, "ನೀವು ನನ್ನ ಕಲ್ಲು ಅಂದಿದ್ರಿ," ಎಂದಳು.

ಟಿಕೆಟಕ್ಕ ಕಾಲು ಬಡಿಯುವುದನ್ನು ನಿಲ್ಲಿಸಿದಳು. "ಹೌದಾ ಪುಟ್ಟಿ? ನೆನಪಿಲ್ಲ."

"ನನಗಿದೆ. ಅದಕ್ಕೇ ತಳದಲ್ಲಿರೋ ಬಳೆ ತೆಗೆಯೋದ್ರಲ್ಲಿ ನಾನೇ ಫಸ್ಟು. ಕಲ್ಲು ತಾನೇ ಕೆಳಗೆ ಹೋಗೋದು?" ಎಂದು ಹೇಳಿ, ಬುಳಕ್ಕನೆ ಮುಳುಗಿ, ಟೀಚರ್ ಎಸೆದಿದ್ದ ಕೆಂಪು ರಬ್ಬರ್ ಬಳೆಯೊಂದಿಗೆ ಮೇಲೆ ಬಂದಳು.

ಟೀಚರ್ ಇದನ್ನು ಕೇಳಿಸಿಕೊಂಡಿದ್ದಳು. "ನೀವೂ ಕಲ್ಲೇ ಅಂತೀರಲ್ಲ. ಎಲ್ಲಿ, ತಳದಲ್ಲಿ ಕೂತು ಒಂದು ಬಳೆ ತನ್ನಿ," ಎಂದಳು.

ಎದೆಮಟ್ಟದ ನೀರು. ಟಿಕೆಟಕ್ಕ ಮೂಗು ಹಿಡಿದು, ಇಷ್ಟದೈವಗಳನ್ನೆಲ್ಲ ನೆನೆದು, ಕಾಲು ಮಡಚಿ ಮುಳುಗಿದಳು. ತಳ ಮುಟ್ಟುವ ಮೊದಲೇ ಯಾರೋ ಕೆಳಗಿನಿಂದ ತಳ್ಳಿದ ಹಾಗೆ ಬೆನ್ನು ಮೇಲೆದ್ದಿತು. ಮತ್ತೆ ಪ್ರಯತ್ನಿಸಿದಳು. ಈ ಸಲ ಕಾಲು ಮೊದಲು ಮೇಲೆ ಬಂತು. ಕೈಯಿಂದ ನೀರು ತಳ್ಳಿದಳು, ಉರುಳಿದಳು, ಕಾಲಿನಿಂದ ಒದ್ದಳು. ಬಳೆ ಅಲ್ಲೇ, ಕಣ್ಣೆದುರಿಗೇ, ತಳದಲ್ಲಿ ಮಲಗಿ ಅವಳನ್ನೇ ನೋಡುತ್ತಿತ್ತು. ಅವಳ ದೇಹ ಮಾತ್ರ ಖಾಲಿ ಡಬ್ಬದಂತೆ ಮತ್ತೆ ಮತ್ತೆ ಮೇಲಕ್ಕೆ.

"ಆಗ್ತಿಲ್ಲ," ಎಂದಳು ಏದುಸಿರು ಬಿಡುತ್ತ. "ಮುಳುಗೋಕಾಗ್ತಿಲ್ಲ ಟೀಚರ್."

"ಹಂಗಾದ್ರೆ ಕಲ್ಲಾಗೋದೂ ನಿಮಗೆ ಬರಲ್ಲ."

"ಅದನ್ನೂ ಕಲೀಬೇಕಾ?"

"ಕಲೀಬೇಕು. ಉಸಿರೆಲ್ಲ ಬಿಟ್ಟು ಹೋಗಬೇಕು. ಅಭ್ಯಾಸ ಆದ್ರೆ ಆಗುತ್ತೆ."

ಟಿಕೆಟಕ್ಕ ಕೆರೆಯ ದಡ, ಜಡೆ, ನೆಂಟರು, ಅಕ್ಕನ ದನಿ, ಎಲ್ಲವನ್ನೂ ಒಮ್ಮೆ ನೆನೆದಳು. ಮುಳುಗುವುದೊಂದು ತನಗೆ ಹುಟ್ಟಿನಿಂದ ಬರುತ್ತದೆ ಎಂದು ನಲವತ್ತು ವರ್ಷ ನಂಬಿದ್ದಳು, ಅದೂ ಅವಳಿಗೆ ಬರುತ್ತಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಇನ್ನಷ್ಟು ನೀರು ಕುಡಿದಳು. ಬಳೆ ಕೈಗೆ ಸಿಕ್ಕಿದ್ದು ಅದರ ಮುಂದಿನ ವಾರ.

ಈ ನೀರು ಕುಡಿತದಿಂದ ಕಿವಿ ಗುಂಯ್‌ಗುಡತೊಡಗಿತು. ಕಿವಿಗೆ ಹಾಕುವ ಹನಿ ತರಲು ಬೀದಿಯ ತುದಿಯ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಮೂವತ್ತರ ಆಸುಪಾಸಿನ ದುಂಡನೆಯ ಮನುಷ್ಯ. ಸೀಸೆ ಕೊಡುತ್ತ, "ಟಿಕೆಟಕ್ಕ ನೀರಿಗಿಳಿದ್ರಂತೆ," ಎಂದ. "ಚಿಕ್ಕವನಿದ್ದಾಗ ನೀವು ನನ್ನ ನೋಡಿ ಮೀನು ಅಂದಿದ್ರಿ."

"ಹಾಗಾದ್ರೆ ಚೆನ್ನಾಗಿ ಈಜ್ತೀಯ," ಎಂದಳು ಅವಳು. ಒಂದಾದರೂ ಸರಿಹೋಯಿತಲ್ಲ ಎಂಬ ನೆಮ್ಮದಿ.

"ಇಲ್ಲ. ಮೊದಲ ದಿನ ಮುಳುಗಿ ನೀರು ಕುಡಿದೆ. ಅಮ್ಮ ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ಲು, ನಮ್ಮವನು ಮೀನು ಅಂತ. ಮೀನು ಮುಳುಗಿತು ಅಂದ್ರೆ ಮರ್ಯಾದೆ ಪ್ರಶ್ನೆ ಅಲ್ವಾ? ಅದಕ್ಕೇ ಮಾರನೇ ದಿನದಿಂದ ಹೊಟ್ಟೆನೋವು ಅಂತ ಶುರು ಮಾಡಿದೆ. ಎಷ್ಟು ಔಷಧಿ ಕುಡಿಸಿದ್ರು ಅಂದ್ರೆ, ಕೊನೆಗೆ ಅದೇ ಕಸುಬಾಯ್ತು."

ಅವನು ತಮಾಷೆಯಾಗಿಯೇ ಹೇಳಿದ್ದ. ಟಿಕೆಟಕ್ಕ ನಕ್ಕಳು ಕೂಡ. ಆದರೆ ಮನೆಗೆ ನಡೆಯುತ್ತ ಲೆಕ್ಕ ಹಾಕತೊಡಗಿದಳು. ಕಲ್ಲು ಎಂದ ಹುಡುಗಿ ಬಳೆ ಎತ್ತುತ್ತಿದ್ದಾಳೆ, ಮೀನು ಎಂದ ಹುಡುಗ ದಡದಲ್ಲೇ ದಪ್ಪಗಾಗಿದ್ದಾನೆ. ಹೊಗಳಿದ್ದೂ ಸುಳ್ಳು, ತೆಗಳಿದ್ದೂ ಸುಳ್ಳು ಎಂದರೆ ಇಷ್ಟು ವರ್ಷ ತಾನು ಆ ಕಿಂಡಿಯಲ್ಲಿ ಟಿಕೆಟ್ಟಿನ ಜೊತೆ ಹಂಚಿದ್ದಾದರೂ ಏನು?

ಮಾರನೇ ದಿನ ಒಬ್ಬ ತಾಯಿ ಅವಳಿ ಮಕ್ಕಳನ್ನು ಕಿಂಡಿಯ ಮುಂದೆ ನಿಲ್ಲಿಸಿ ಕಾದಳು. ಟಿಕೆಟಕ್ಕನ ಕನ್ನಡಕ ಅಭ್ಯಾಸಬಲದಿಂದ ಮೂಗಿನ ತುದಿಗೆ ಇಳಿಯಿತು. ಬಾಯಿ ತೆರೆಯಿತು. ಅವಳು ಕನ್ನಡಕವನ್ನು ಮತ್ತೆ ಮೇಲಕ್ಕೆ ತಳ್ಳಿದಳು.

"ಹೇಳಿ ಅಕ್ಕ," ಎಂದಳು ತಾಯಿ. "ಯಾವನು ಮೀನು, ಯಾವನು ಕಲ್ಲು?"

"ಇಬ್ಬರೂ ಹುಡುಗರು," ಎಂದಳು ಟಿಕೆಟಕ್ಕ. "ಒಳಗೆ ಕಳಿಸಿ. ಚೆನ್ನಾಗಿ ನೀರು ಕುಡೀಲಿ."

ಆ ತಾಯಿಗೆ ಇದು ಸಮಾಧಾನ ಕೊಡಲಿಲ್ಲ. ಟಿಕೆಟಕ್ಕನಿಗೆ ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂಬ ಸುದ್ದಿ ಹಬ್ಬಿತು. ಅವಳು ಅದನ್ನು ತಡೆಯಲು ಹೋಗಲಿಲ್ಲ. ಅದೇ ಸಂಜೆ ಔಷಧಿ ಅಂಗಡಿಗೆ ಹೋಗಿ, ಕಿವಿಗೆ ಏನೂ ಬೇಡ, ನಾಳೆ ಬೆಳಿಗ್ಗೆ ಚಡ್ಡಿ ತಗೊಂಡು ಬಾ ಎಂದು ಹೇಳಿ ಬಂದಳು. ಅವನು ಬರಲಿಲ್ಲ. ಮರುದಿನವೂ ಹೋದಳು, ಅದರ ಮರುದಿನವೂ. ಗಿರಾಕಿಗಳ ಎದುರಿಗೇ, "ಹೊಟ್ಟೆನೋವು ಹೇಗಿದೆ?" ಎಂದು ದೊಡ್ಡ ದನಿಯಲ್ಲಿ ಕೇಳತೊಡಗಿದ ಮೇಲೆ ಅವನು ಸೋತು ಬಂದ. ಮೀನು ಎಂದು ಹೆಸರಾದವನು ಆರು ವರ್ಷದವರ ಪಕ್ಕದಲ್ಲಿ ನೀರು ಉಗುಳುತ್ತ ಕೂರಬೇಕಾಯಿತು. ಎರಡೇ ವಾರದಲ್ಲಿ ತಪ್ಪು ಹೇಳುವುದರಲ್ಲಿ ಟಿಕೆಟಕ್ಕನಿಗೇ ಪೈಪೋಟಿ ಕೊಡುವಷ್ಟಾದ.

ಪರೀಕ್ಷೆಯ ದಿನ ಬಂತು. ಕಾವಲುಗಾರ, ಪಂಪಿನವನು, ಕಸದವನು, ಎಲ್ಲರೂ ಸಲೀಸಾಗಿ ಆ ತುದಿ ಮುಟ್ಟಿದರು. ಮ್ಯಾನೇಜರ್ ರಟ್ಟಿನ ಮೇಲೆ ಕಾಗದ ಸಿಕ್ಕಿಸಿಕೊಂಡು ಒಬ್ಬೊಬ್ಬರಿಗೂ ಗುರುತು ಹಾಕಿದ. ಕೊನೆಗೆ ಟಿಕೆಟಕ್ಕ ಇಳಿದಳು. ಅವಳಿಗೆ ಒಗ್ಗಿದ್ದು ಬೆನ್ನಮೇಲಿನ ಈಜು. ಮುಖ ಮೇಲಕ್ಕಿದ್ದರೆ ಆಳ ಕಾಣುವುದಿಲ್ಲ ಎಂಬುದು ಅದರ ಮುಖ್ಯ ಅನುಕೂಲ. ಹೊರಟಾಗ ಚೆನ್ನಾಗಿಯೇ ಹೊರಟಳು. ಮುಕ್ಕಾಲು ದಾರಿಗೆ ಬರುವಾಗ ಚಾವಣಿಯ ದೀಪ ಕಣ್ಣಿಗೆ ಹೊಡೆಯಿತು. ಎಲ್ಲಿದ್ದೇನೆಂದು ನೋಡಲು ತಲೆ ಎತ್ತಿದಳು. ಸೊಂಟ ಮಡಚಿತು. ಮುಳುಗಿದಳು, ಎದ್ದಳು, ಈಜುವ ಸಾಲುಗಳ ನಡುವೆ ಕಟ್ಟಿದ್ದ ಹಗ್ಗ ಹಿಡಿದುಬಿಟ್ಟಳು.

ಹಗ್ಗಕ್ಕೆ ನೇತುಬಿದ್ದು ಕೆಮ್ಮು ನಿಂತ ಮೇಲೆ ಅವಳು ಅಭ್ಯಾಸವಿದ್ದ ಹಾಗೆ ದೊಡ್ಡ ದನಿಯಲ್ಲಿ ಹೇಳಿದಳು: "ಎಷ್ಟು ದೂರ ಬಂದೆ ಅಂತ ನೋಡೋಕೆ ಹೋದೆ. ತಲೆ ಎತ್ತಬಾರದಿತ್ತು."

ಅಂಚಿನಲ್ಲಿ ನಿಂತಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಔಷಧಿ ಅಂಗಡಿಯವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ಮ್ಯಾನೇಜರ್ ಗೊಂದಲಕ್ಕೆ ಬಿದ್ದ. "ಇದು ಪಾಸಾ, ಫೇಲಾ?" ಎಂದು ಟೀಚರನ್ನು ಕೇಳಿದ.

"ಫೇಲು," ಎಂದಳು ಟಿಕೆಟಕ್ಕನೇ ಹಗ್ಗದಿಂದ. "ಒಂದೇ ಸಲ ಅಂತ ಆದೇಶದಲ್ಲಿ ಇದೆಯಾ ಸರ್?"

ಅವನು ಕಾಗದ ತಿರುವಿ ನೋಡಿದ. ಎಷ್ಟು ಸಲ ಎಂದು ಎಲ್ಲೂ ಬರೆದಿರಲಿಲ್ಲ. ಮುಂದಿನ ಶುಕ್ರವಾರ ಎಂದು ಗುರುತು ಹಾಕಿಕೊಂಡ.

ಆದರೆ ಗುರುವಾರವೇ ಅವನು ಕಿಂಡಿಯ ಬಳಿ ಬಂದು ಗಂಟಲು ಸರಿಮಾಡಿಕೊಂಡ. ಮೇಲಿಂದ ಇನ್ನೊಂದು ಆದೇಶ ಬಂದಿತ್ತು. ಕಚೇರಿಯ ಕೆಲಸದವರಿಗೆ ಈಜಿನ ನಿಯಮದಿಂದ ವಿನಾಯಿತಿ. ಮೊದಲ ಆದೇಶಕ್ಕೆ ಸಹಿ ಹಾಕಿದ ದೊಡ್ಡ ಅಧಿಕಾರಿಯ ಕೋಣೆಯೂ ಬೇರೊಂದು ಕೊಳದ ಕಟ್ಟಡದಲ್ಲೇ ಇದೆಯೆಂಬುದು ಆಮೇಲೆ ಯಾರಿಗೋ ಹೊಳೆದಿತ್ತಂತೆ.

"ನೀವಿನ್ನು ಈಜಬೇಕಾಗಿಲ್ಲ," ಎಂದ ಮ್ಯಾನೇಜರ್. ಮೊದಲ ಬಾರಿಗೆ ಅವನ ಮುಖದಲ್ಲಿ ನಗುವಿನಂಥದ್ದೇನೋ ಕಂಡಿತು. "ಸ್ಮಶಾನನೂ ಇಲ್ಲ."

"ಸರಿ ಸರ್. ನಾಳೆ ಎಷ್ಟು ಹೊತ್ತಿಗೆ ಬರಲಿ?"

"ಬೇಕಾಗಿಲ್ಲ ಅಂದೆನಲ್ಲ."

"ಆದೇಶಕ್ಕೆ ಬೇಕಾಗಿಲ್ಲ. ನನಗೆ ಆ ಗೋಡೆ ಬಾಕಿ ಇದೆ."

ಶುಕ್ರವಾರ ಅವಳು ಆ ಗೋಡೆ ಮುಟ್ಟಿದಳು. ನೋಡಲು ಚೆಂದದ ಈಜೇನಲ್ಲ. ಗೆರೆ ಬಿಟ್ಟು ಓರೆಯಾಗಿ ಹೋದಳು, ದಾರಿಯಲ್ಲಿ ಎರಡು ಸಲ ಹಗ್ಗಕ್ಕೆ ಮೊಣಕೈ ತಾಗಿತು, ಮೂಗಿನಿಂದ ಹಡಗಿನ ಹಾಗೆ ಸದ್ದು ಬರುತ್ತಿತ್ತು. ಆದರೆ ತಲೆ ಎತ್ತಲಿಲ್ಲ, ಹಗ್ಗ ಹಿಡಿಯಲಿಲ್ಲ. ಗೋಡೆ ಎಲ್ಲಿದೆ ಎಂದು ನೋಡದೇ ಇದ್ದುದರಿಂದ ಅದನ್ನು ತಲೆಯಿಂದಲೇ ಮುಟ್ಟಿದಳು. ಟಣ್ಣೆಂದ ಸದ್ದು ಪಂಪಿನ ಕೋಣೆಗೂ ಕೇಳಿಸಿತಂತೆ. ಅವಳು ನೆತ್ತಿ ಉಜ್ಜಿಕೊಳ್ಳುತ್ತ ನೀರಲ್ಲೇ ನಿಂತಳು. ಟೀಚರ್ ಸೀಟಿಯನ್ನು ಉದ್ದಕ್ಕೆ ಊದಿದಳು.

ಭಾನುವಾರ ಅಕ್ಕ ಬಂದಳು. ಸುದ್ದಿ ಅವಳನ್ನು ತಲುಪಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟು, ತಂಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಹಳ ಯೋಚನೆ ಮಾಡಿದವಳಂತೆ ಹೇಳಿದಳು.

"ಇದರಲ್ಲಿ ಆಶ್ಚರ್ಯ ಏನಿಲ್ಲ ಕಣೆ. ಆಗ ನೀನು ಕಡ್ಡಿ ಹಾಗಿದ್ದೆ. ಈಗ ಮೈ ಬಂದಿದೆ. ಕೊಬ್ಬು ತೇಲುತ್ತೆ."

ಮೊದಲಾಗಿದ್ದರೆ ಟಿಕೆಟಕ್ಕನಿಗೆ ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಈಗ ಅವಳು ಅಕ್ಕನ ಕಡೆ ಒಂದು ನೋಟ ಹರಿಸಿದಳು. ಅಕ್ಕನ ಮೈ ತನಗಿಂತ ಒಂದು ಕೈ ಹೆಚ್ಚೇ ಇತ್ತು.

"ಹಾಗಾದ್ರೆ ನೀನು ಬಂದ್ರೆ ಮೊದಲ ದಿನವೇ ಆ ಗೋಡೆ ಮುಟ್ತೀಯ," ಎಂದಳು. "ಟಿಕೆಟ್ ನಾನು ಕೊಡ್ತೀನಿ."

ಮೂಲೆಯಲ್ಲಿ ಅತ್ತೆಯ ಸೂಜಿಗಳು ನಿಂತವು. ಗಂಡ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದ. ಅಕ್ಕ ಲೋಟದ ತಳದಲ್ಲಿ ಉಳಿದಿದ್ದ ಕಾಫಿಯನ್ನು ಸ್ವಲ್ಪ ಹೊತ್ತು ತಿರುಗಿಸಿ, "ನನಗೆ ಮೊಣಕಾಲು ನೋವು," ಎಂದಳು.

ಮುಂದಿನ ತಿಂಗಳು ಟಿಕೆಟಕ್ಕ ಮೇಲಿನ ತರಗತಿ ಸೇರಿದಳು. ಅಲ್ಲಿದ್ದವರು ಒಂಬತ್ತು ಹತ್ತು ವರ್ಷದವರು, ಒಬ್ಬೊಬ್ಬರೂ ನುರಿತ ಈಜುಗಾರರು. ಅವಳೇ ಎಲ್ಲರಿಗಿಂತ ಹಿಂದೆ. ಅಂದು ಟೀಚರ್ ಚಿಟ್ಟೆಯ ಹಾಗೆ ಎರಡೂ ಕೈ ಒಟ್ಟಿಗೆ ಬೀಸಿ ಈಜುವುದನ್ನು ತೋರಿಸಿದಳು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಹಾರಿ ಹೋದರು. ಟಿಕೆಟಕ್ಕ ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ನಿಂತು, ಉಸಿರು ಎಳೆದು, ಕೈ ಎತ್ತಿ, ಶಕ್ತಿಯೆಲ್ಲ ಕೂಡಿಸಿ ನಾಲ್ಕಾರು ಸಲ ಬೀಸಿ ನಿಂತಳು. ಕಣ್ಣಿನ ನೀರು ಒರೆಸಿಕೊಂಡು ನೋಡಿದರೆ ಹೊರಟ ಜಾಗ ಮುಂದಿತ್ತು, ತಾನು ಅದಕ್ಕಿಂತ ಹಿಂದಿದ್ದಳು.

ಟೀಚರ್ ಸೀಟಿಯನ್ನು ಬಾಯಿಂದ ತೆಗೆದಳು. "ಹಿಂದಕ್ಕೆ ಹೇಗೆ ಹೋದ್ರಿ?"

"ಗೊತ್ತಿಲ್ಲ."

"ಇನ್ನೊಂದು ಸಲ ಮಾಡಿ. ನಾನು ನೋಡ್ಬೇಕು."

ಟಿಕೆಟಕ್ಕ ಮತ್ತೆ ಕೈ ಎತ್ತಿದಳು.